82 ಅಂಕ ಕೊಟ್ಟವರು ಯಾರು?

ಪತ್ರ: "ಅಮೆರಿಕದ ಇ-ವೆರಿಫೈ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹೊಸದಾಗಿ ಸೇರಿದವರಿಗೆ ಅಲ್ಲಿ ಕೆಲಸ ಮಾಡುವ ಅರ್ಹತೆ ಇದೆಯೇ ಎಂದು ಕಂಪ್ಯೂಟರಿನಲ್ಲೇ ನೋಡುವ ಈ ವ್ಯವಸ್ಥೆಯಿಂದ ನೌಕರರಿಗೆ ತೊಂದರೆ ಎಂದಿದ್ದೀರಿ. ಆದರೆ ಬಳಸುವ ಕಂಪನಿಗಳೇ ಸಮೀಕ್ಷೆಯಲ್ಲಿ 100ಕ್ಕೆ 82 ಅಂಕ ಕೊಟ್ಟಿವೆಯಲ್ಲ? ಅವರಿಗಿಲ್ಲದ ತಕರಾರು ನಿಮಗೇಕೆ? ನನ್ನ ಮಗ ಡಲ್ಲಾಸಿನಲ್ಲಿ ಎಂ.ಎಸ್. ಮುಗಿಸಿ, ಓದಿನ ನಂತರ ಕೆಲಕಾಲ ಅಲ್ಲೇ ಕೆಲಸ ಮಾಡಲು ವಿದ್ಯಾರ್ಥಿಗಳಿಗೆ ಸಿಗುವ ಒಪಿಟಿ ಅನುಮತಿಯಲ್ಲಿದ್ದಾನೆ. ಸುಮ್ನೆ ಹೆದರಿಸಬೇಡಿ." – ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ನಮಸ್ಕಾರ ಸಾರ್. 82 ಅಂಕ ಬಂದಿದ್ದು ನಿಜ. 2010ರ ಸಮೀಕ್ಷೆ ಅದು. ಅಂಕ ಕೊಟ್ಟವರು ಯಾರು ಅನ್ನುವುದಷ್ಟೇ ನನ್ನ ತಕರಾರು.

ಕಂಪನಿ ಅಂದರೂ ಉತ್ತರ ತುಂಬುವವರು ಎಚ್.ಆರ್. ವಿಭಾಗದ ಒಬ್ಬರು. ಅವರ ಕೆಲಸ ನೋಡಿ. ಹೊಸಬರು ಕೆಲಸದ ಅರ್ಹತೆ ತೋರಿಸಲು ತುಂಬಿದ ಐ-9 ಫಾರಂ ಎದುರಿಗಿಟ್ಟುಕೊಂಡು ಹೆಸರು, ಹುಟ್ಟಿದ ದಿನ, ಸೋಷಿಯಲ್ ಸೆಕ್ಯುರಿಟಿ ನಂಬರ್ ಟೈಪ್ ಮಾಡುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಉತ್ತರ ಬರುತ್ತದೆ. ಶುಲ್ಕವೂ ಇಲ್ಲ. ಬಹುಪಾಲು ಜನರ ವಿಷಯ ಅಲ್ಲಿಗೇ ಮುಗಿಯುತ್ತದೆ. ಇಷ್ಟು ಸಲೀಸಾದ ಕೆಲಸಕ್ಕೆ ನನ್ನನ್ನು ಕೇಳಿದ್ದರೆ ನಾನೂ 80ರ ಮೇಲೇ ಕೊಡುತ್ತಿದ್ದೆ.

ಪಜೀತಿ ಶುರುವಾಗುವುದು ಮಾಹಿತಿ ತಾಳೆಯಾಗದೆ 'ಮಿಸ್‌ಮ್ಯಾಚ್' ಬಂದಾಗ. ಆಗ ಮಾಲೀಕರು ನೌಕರನನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಬೇಕು, ನೋಟಿಸ್ ಕೈಗೆ ಕೊಡಬೇಕು. ಅವನು ಒಪ್ಪದಿದ್ದರೆ ಸರ್ಕಾರಿ ಕೆಲಸದ 8 ದಿನಗಳ ಒಳಗೆ ಸಂಬಂಧಪಟ್ಟ ಇಲಾಖೆಯನ್ನು ಸಂಪರ್ಕಿಸಬೇಕು. ಅದು ಇತ್ಯರ್ಥವಾಗುವ ತನಕ ಅವನನ್ನು ತೆಗೆಯುವಂತಿಲ್ಲ, ಸಂಬಳ ಕಡಿಮೆ ಮಾಡುವಂತಿಲ್ಲ. ನಿಯಮವೇನೋ ಚೆನ್ನಾಗಿಯೇ ಇದೆ. ಆದರೆ ಕಚೇರಿಗೆ ಅಲೆಯುವವನು, ರಾತ್ರಿ ನಿದ್ದೆ ಬಾರದವನು ನೌಕರ. ಎಚ್.ಆರ್. ಪರದೆಯ ಮೇಲೆ ಅದು ಇನ್ನೂ ಮುಗಿಯದ ಒಂದು ಕೇಸ್ ಅಷ್ಟೇ. ಅಂಕ ಕೊಡುವ ಹಾಳೆ ಆ ನೌಕರನ ಕೈಗೆ ಬರಲೇ ಇಲ್ಲ.

ಇನ್ನು, ಮಾಲೀಕರಿಗೆ "ನೀವು ನಿಯಮ ಪಾಲಿಸುತ್ತೀರಾ?" ಅಂತ ಕೇಳಿದರೆ ಯಾರು ತಾನೇ ಇಲ್ಲ ಅಂತಾರೆ? ಕೆಲಸ ಕೊಡುವ ಮೊದಲೇ ಅರ್ಜಿದಾರರನ್ನು ಇ-ವೆರಿಫೈಯಲ್ಲಿ ಹಾಕಿ ನೋಡುವುದು ನಿಷಿದ್ಧ. ಸರ್ಕಾರದ ಪರವಾಗಿ ಇದರ ಮೌಲ್ಯಮಾಪನ ಮಾಡುತ್ತಿದ್ದ ವೆಸ್ಟಾಟ್ ಸಂಸ್ಥೆ ಮಾಲೀಕರಿಗೆ ಪ್ರಶ್ನೆಪಟ್ಟಿ ಕಳಿಸಿ ಸುಮ್ಮನಾಗಲಿಲ್ಲ. ಕಡತ ತೆಗೆಸಿ ನೋಡಿತು, ಮಿಸ್‌ಮ್ಯಾಚ್ ಬಂದ ನೌಕರರನ್ನೂ ಮಾತಾಡಿಸಿತು. ಆಗ ಕೆಲವು ಕಡೆ ಅರ್ಜಿದಾರರನ್ನು ಮೊದಲೇ ಸೋಸುತ್ತಿದ್ದದ್ದು, ನೌಕರನಿಗೆ ಮಿಸ್‌ಮ್ಯಾಚ್ ವಿಷಯ ಹೇಳದೇ ಇದ್ದದ್ದು ಹೊರಬಿತ್ತು. ಅದೇ ಸಂಸ್ಥೆಯ 2009ರ ವರದಿಯಲ್ಲಿ ಇನ್ನೊಂದು ಲೆಕ್ಕವಿದೆ. ಕೆಲಸದ ಅರ್ಹತೆ ಇಲ್ಲದೆ ಈ ತಪಾಸಣೆಗೆ ಬಂದವರಲ್ಲಿ ಸುಮಾರು 54 ಶೇಕಡಾ ಮಂದಿ ಪಾಸಾಗಿದ್ದರು ಎಂಬ ಅಂದಾಜು. ಬೇರೆಯವರ ಹೆಸರು, ನಂಬರ್ ಕೊಟ್ಟರೆ ಕಂಪ್ಯೂಟರಿಗೆ ಎಲ್ಲವೂ ಸರಿಯಾಗೇ ಕಾಣುತ್ತದೆ ಅಲ್ವಾ? ಹಾಗೆ ಪಾಸಾದವರ ಬಗ್ಗೆ ಮಾಲೀಕರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಅವರ ತೃಪ್ತಿಗೂ ಭಂಗವಿಲ್ಲ.

ಇ-ವೆರಿಫೈಗೆ ಸೇರದೇ ಇರುವ ಕಂಪನಿಗಳ ಮಾತು ಬೇರೆಯೇ. ಅರಿಜೋನಾದಲ್ಲಿ 2008ರಿಂದ ಎಲ್ಲ ಮಾಲೀಕರಿಗೂ ಇದು ಕಡ್ಡಾಯ. ಫ್ಲಾರಿಡಾದಲ್ಲಿ 2023ರ ಜುಲೈನಿಂದ 25ಕ್ಕಿಂತ ಕಡಿಮೆ ನೌಕರರಿರುವ ಖಾಸಗಿಯವರಿಗೆ ವಿನಾಯಿತಿ. ಇನ್ನೂ ಎಷ್ಟೋ ಕಡೆ ಖಾಸಗಿಯವರಿಗೆ ಇಷ್ಟವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಷ್ಟಪಟ್ಟು ಸೇರಿದವರು ಮೆಚ್ಚುವುದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಪತ್ರಿಕೆಯ ಓದುಗರ ಸಮೀಕ್ಷೆಯೂ ಹೀಗೇ: ಚಂದಾ ನಿಲ್ಲಿಸಿದವರು ಉತ್ತರ ಬರೆಯುವುದಿಲ್ಲ.

ಪ್ರಶ್ನೆಪಟ್ಟಿ ನನ್ನ ಕೈಗೆ ಕೊಟ್ಟರೆ "ನಿಮಗೆ ತೃಪ್ತಿಯಿದೆಯೇ" ಎಂಬ ಸಾಲನ್ನು ಹೊಡೆದುಹಾಕುತ್ತೇನೆ. ಕೊನೆಯ ಸಲ ಮಿಸ್‌ಮ್ಯಾಚ್ ಬಂದದ್ದು ಯಾವಾಗ? ನೋಟಿಸ್ ಯಾರು ಕೊಟ್ಟರು, ಎಷ್ಟು ದಿನಕ್ಕೆ? ಆ ವಾರ ಅವನಿಗೆ ಪಾಳಿ ಸಿಕ್ಕಿತೇ? ಈಗಲೂ ಕೆಲಸದಲ್ಲಿದ್ದಾನೆಯೇ? ಇಂಥದ್ದನ್ನೇ ಕೇಳುತ್ತೇನೆ. ಅದೇ ಪ್ರಶ್ನೆಗಳನ್ನು ಆ ನೌಕರನಿಗೂ ಕೇಳುತ್ತೇನೆ.

ಈಗ ನಿಮ್ಮ ಮಗನ ವಿಷಯ. ಹೆದರಬೇಕಾದ್ದೇನಿಲ್ಲ. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ 12 ತಿಂಗಳ ಒಪಿಟಿ ಆದಮೇಲೆ ಇನ್ನೂ 24 ತಿಂಗಳು ಸಿಗಬೇಕಾದರೆ ಕಂಪನಿ ಇ-ವೆರಿಫೈಯಲ್ಲಿ ಇರಲೇಬೇಕು. ಅಂದರೆ ಅವನಿಗೆ ಇದು ಬೇಕಾದದ್ದೇ. ಎಚ್ಚರ ಬೇಕಿರುವುದು ಹೆಸರಿನಲ್ಲಿ. ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಆಗ ಅಮೆರಿಕದ ವೀಸಾದಲ್ಲಿ ಇರುವ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್ಎನ್‌ಯು' (ಅಂದರೆ 'ಮೊದಲ ಹೆಸರು ಗೊತ್ತಿಲ್ಲ') ಎಂದು ಕೂರುತ್ತದೆ. ಊರು, ತಂದೆಯ ಹೆಸರಿನ ಇನಿಷಿಯಲ್ಲುಗಳು ಒಂದು ದಾಖಲೆಯಲ್ಲಿ ಬಿಡಿಸಿ ಬರೆದಿದ್ದು, ಇನ್ನೊಂದರಲ್ಲಿ ಬರೀ ಅಕ್ಷರವಾಗಿ ಉಳಿದಿರುವುದೂ ಉಂಟು. ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಕೆಲಸದ ಪರವಾನಗಿ ಕಾರ್ಡ್, ಐ-9 ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಥರ ಇದೆಯೇ ಅಂತ ಅವನೇ ಕೂತು ನೋಡಲಿ. ಸರ್ಕಾರವೇ ನಡೆಸುವ 'ಸೆಲ್ಫ್ ಚೆಕ್' ಎಂಬ ಸೌಲಭ್ಯವೂ ಇದೆ. 2011ರಲ್ಲಿ ಶುರುವಾದದ್ದು, ನೌಕರರೇ ತಮ್ಮ ದಾಖಲೆ ತಾಳೆ ನೋಡಿಕೊಳ್ಳಬಹುದು. ಅಕಸ್ಮಾತ್ ಮಿಸ್‌ಮ್ಯಾಚ್ ನೋಟಿಸ್ ಬಂದರೂ ಅವನು ಗಾಬರಿಯಿಂದ ರಾಜೀನಾಮೆ ಕೊಡುವುದು ಬೇಡ. ನೋಟಿಸಿನಲ್ಲಿ ಯಾವ ಇಲಾಖೆಯ ಹೆಸರಿದೆ ಎಂದು ನೋಡಿ, ಒಪ್ಪುವುದಿಲ್ಲ ಎಂದು ಬರೆದು, ಗಡುವಿನೊಳಗೆ ಆ ಇಲಾಖೆಯನ್ನೇ ಸಂಪರ್ಕಿಸಲಿ.