ಅದು ನಮ್ಮ ಕುಚ್ಚಲಕ್ಕಿ ಅಲ್ಲ
ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 168 ಇರುವ ಅಪ್ಪನಿಗೆ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಜೊತೆ ರೆಡ್ ಈಸ್ಟ್ ರೈಸ್ ಕ್ಯಾಪ್ಸೂಲ್ ಕೊಡಬಹುದಾ, ಅದು ನಮ್ಮ ಕುಚ್ಚಲಕ್ಕಿ ತರಹವೇ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ, ದಯವಿಟ್ಟು ಕೊಡಬೇಡಿ. ಅದು ಒಂದು ಜಾತಿಯ ಬೂಷ್ಟು ಬೆಳೆಸಿ ಹುದುಗಿಸಿದ ಅಕ್ಕಿ. ಅದರಲ್ಲಿರುವ ಮೊನಾಕೊಲಿನ್ ಕೆ ಅಂದರೆ ಲೊವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ನೇ. ಎರಡು ಸ್ಟ್ಯಾಟಿನ್ ಒಟ್ಟಿಗೆ ತಿಂದ ಹಾಗಾಗುತ್ತದೆ. ಸ್ನಾಯುಗಳಿಗೆ, ಲಿವರ್‌ಗೆ ಪೆಟ್ಟು ಬೀಳಬಹುದು.

ಸ್ವಲ್ಪ ನೆರವಾಗುವುದು ಇಸಬ್ಗೋಲ್. ಉಡುಪಿಯಲ್ಲಿ ನನ್ನ ಅಮ್ಮ ಡಾಕ್ಟರನ್ನು ಕೇಳಿಯೇ ಶುರುಮಾಡಿದರು. ದೊಡ್ಡ ಲೋಟ ನೀರಿಗೆ 2 ಚಮಚ ಹಾಕಿ, ಲೋಳೆ ಕಟ್ಟುವ ಮೊದಲೇ ಗಟಗಟ ಕುಡಿಯುತ್ತಾರೆ. ಆ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಹಾಕುತ್ತದೆ. ಹೊಸ ಪಿತ್ತ ಮಾಡಲು ಲಿವರ್ ರಕ್ತದ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ಮಾತ್ರೆಗೂ ಇಸಬ್ಗೋಲ್‌ಗೂ 2 ಗಂಟೆ ಅಂತರ ಇರಲಿ. ಗಸಿಗೆ ಅರೆಯುವ ತೆಂಗಿನಕಾಯಿಯನ್ನೂ ಅರ್ಧ ಮಾಡಿ.