ಕರ್ಣನ ಸಿಟ್ಟು ಯಾರ ಮೇಲೆ?

ಇಂಜಿನಿಯರಿಂಗ್ ಮೂರನೇ ವರ್ಷದ ಹುಡುಗ, ನನ್ನ ಬಳಿ ಆಪ್ತಸಲಹೆಗೆ ಬಂದಿದ್ದ. ಹಾಸ್ಟೆಲ್‌ನಲ್ಲಿ ಜೂನಿಯರ್ ಒಬ್ಬನ ಕಪಾಳಕ್ಕೆ ಹೊಡೆದಿದ್ದ. ಕಾಲೇಜಿನ ವಿಚಾರಣೆ ತನ್ನ ಪಾಡಿಗೆ ನಡೆದಿತ್ತು; ಆಪ್ತಸಲಹೆ ಅದಕ್ಕೆ ಬದಲಿಯಲ್ಲ. ಗೆಳೆಯರ ಮೆಸ್ ಬಿಲ್ ಕಟ್ಟುವವನೂ ಇವನೇ. ಇಂಥ ಹುಡುಗರು ಮತ್ತೆ ಮತ್ತೆ ಬರುತ್ತಾರೆ. ಮನೆಯವರದ್ದು ಒಂದೇ ಮಾತು: "ಮನಸ್ಸು ಬಂಗಾರ, ಸಿಟ್ಟೊಂದು ಜಾಸ್ತಿ."

ಮೂರನೇ ಭೇಟಿಯಲ್ಲಿ ಅವನೇ ಬಾಯಿಬಿಟ್ಟ. "ನಾನು ಕರ್ಣನ ಥರ ಸರ್. ಮೊದಲ ವರ್ಷ ಎಲ್ಲರೆದುರು ನನ್ನ ಇಂಗ್ಲಿಷ್ ಆಡಿಕೊಂಡು ನಕ್ಕರು. ನನ್ನ ಪರ ನಿಂತವನು ಈ ಗೆಳೆಯ ಒಬ್ಬನೇ. ಅವನು ಹೊಡಿ ಅಂದ್ರೆ ಹೊಡೀತೀನಿ."

"ಅಸ್ತ್ರವಿದ್ಯೆಯ ಪ್ರದರ್ಶನದ ದಿನ ಕುಲ ಕೇಳಿದವನು ಕೃಪ, ಹಂಗಿಸಿದವನು ಭೀಮ. ಆ ಕಣದಲ್ಲಿ ದ್ರೌಪದಿ ಇದ್ದಳಾ?" ಎಂದು ಕೇಳಿದೆ.

"ಇಲ್ಲ."

"ದ್ಯೂತಸಭೆಯಲ್ಲಿ ಅವಳ ಸೀರೆ ಸೆಳೆಯಲು ಹೇಳಿದವನು ಕರ್ಣನೇ ಅಲ್ಲವೇ?"

ತುಂಬಾ ಹೊತ್ತು ಸುಮ್ಮನಿದ್ದ. "ಆ ಜೂನಿಯರ್ ನನ್ನ ನೋಡಿ ನಕ್ಕಿರಲೇ ಇಲ್ಲ ಸರ್" ಅಂದ.

(ಸ್ವಯಂವರದಲ್ಲಿ ದ್ರೌಪದಿ ಕರ್ಣನನ್ನು ಸೂತನೆಂದು ನಿರಾಕರಿಸಿದಳಲ್ಲ ಎನ್ನುವವರುಂಟು. ಹಲವು ಹಸ್ತಪ್ರತಿಗಳನ್ನು ಹೋಲಿಸಿ ಪುಣೆಯ ಭಂಡಾರಕರ್ ಸಂಸ್ಥೆ ಸಿದ್ಧಪಡಿಸಿದ ಮಹಾಭಾರತದ ಪರಿಷ್ಕೃತ ಪಾಠದಲ್ಲಿ ಆ ಮಾತಿಲ್ಲ.)

ಆಸೆಗೆ ಅಡ್ಡಿಯಾದಾಗ ಆಕ್ರಮಣ ಹುಟ್ಟುತ್ತದೆ, ಎದುರಾಳಿ ಬಲವಾದವನಾದರೆ ಅದು ಮೆತ್ತಗಿನವರತ್ತ ತಿರುಗುತ್ತದೆ ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಡೊಲಾರ್ಡ್ ಮತ್ತು ಸಂಗಡಿಗರು 1939ರಲ್ಲೇ ಬರೆದರು. ಉಪಕಾರಕ್ಕೆ ಪ್ರತ್ಯುಪಕಾರ ಎಂಬ ನಂಟೂ ಇಲ್ಲಿ ಸೇರಿಕೊಂಡಿದೆ: ಅಂಗರಾಜ್ಯದ ಋಣವನ್ನು ಕರ್ಣ ತೀರಿಸಿದ್ದು ಮೂರನೆಯವರ ಮಾನದಿಂದ. ಆ ಸಭೆಯಲ್ಲಿ ಭೀಷ್ಮ ದ್ರೋಣರೂ ಕೂತಿದ್ದರು. ನೋಡುವವರು ಹೆಚ್ಚಿದಷ್ಟೂ ಒಬ್ಬೊಬ್ಬರ ಹೊಣೆ ತೆಳುವಾಗುತ್ತದೆ. ಮನಶ್ಶಾಸ್ತ್ರಜ್ಞರಾದ ಡಾರ್ಲಿ ಮತ್ತು ಲಟಾನೆ 1968ರಲ್ಲಿ ಪ್ರಯೋಗದಿಂದ ತೋರಿಸಿದ್ದು ಇದನ್ನೇ. ಆದರೂ ಅನ್ಯಾಯ ಎಂದವನು ದುರ್ಯೋಧನನ ತಮ್ಮ ವಿಕರ್ಣ. ಅವನನ್ನು ಗದರಿಸಿ ಕೂರಿಸಿದವನು ದಾನಶೂರ ಕರ್ಣ. ಕೈಯೆತ್ತಿ ಕೊಡುವವನು ಕಷ್ಟದಲ್ಲಿರುವವರ ಪರ ನಿಲ್ಲುತ್ತಾನೆಂದು ನಂಬುವಂತಿಲ್ಲ.

ಸಿಟ್ಟು ಹೊರಹೋಗಲೆಂದು ಮನೆಯವರು ಪಂಚಿಂಗ್ ಬ್ಯಾಗ್ ತಂದುಕೊಟ್ಟಿದ್ದರು. ಮೊದಲು ಅದನ್ನು ತೆಗೆಸಿದೆ. 2002ರಲ್ಲಿ ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 600 ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವನನ್ನೇ ನೆನೆಯುತ್ತ ಗುದ್ದಿದವರ ಸಿಟ್ಟು ಹೆಚ್ಚೇ ಉಳಿಯಿತು. ಏನೂ ಮಾಡದೆ ಕೂತವರೇ ವಾಸಿ. ಅದರ ಬದಲು ಸಿಟ್ಟು ಬಂದಾಗಲೆಲ್ಲ ಮೂರು ಸಾಲು ಬರೆಯಬೇಕು: ನೋಯಿಸಿದವರು ಯಾರು, ಕೈ ಎದ್ದದ್ದು ಯಾರ ಮೇಲೆ, ಪಕ್ಕದಲ್ಲಿ ಯಾರಿದ್ದರು. ಮೊದಲೆರಡು ಹೆಸರು ಬೇರೆಯಾದರೆ ಆ ಜಾಗದಿಂದ ಎದ್ದು ಹೋಗಬೇಕು. ಗೆಳೆಯನಿಂದ ಪಡೆದಿದ್ದ ಫೀಸಿನ ಸಾಲವನ್ನು ತಿಂಗಳಿಗೆ 500ರಂತೆ ಹಣದಲ್ಲೇ ತೀರಿಸಬೇಕು.

ಎಲ್ಲರೆದುರು ಕ್ಷಮೆ ಕೇಳಿಸಿ ಎಂದು ಕೆಲವರು ಒತ್ತಾಯಿಸಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅದು ಮತ್ತೊಂದು ಅವಮಾನ. ಅದರ ಬಾಕಿ ಇನ್ನೊಬ್ಬ ಜೂನಿಯರ್‌ನ ಕೆನ್ನೆಯ ಮೇಲೆ ವಸೂಲಾಗುತ್ತದೆ. ಅದರ ಬದಲು ಕ್ಷಮೆಯ ಪತ್ರ ಬರೆದು ವಾರ್ಡನ್ ಕೈಗೆ ಕೊಡುವುದು, ಅದನ್ನು ಓದುವುದು ಬಿಡುವುದು ಪೆಟ್ಟು ತಿಂದವನ ಇಷ್ಟ.

ಕೊನೆಗೆ ಅವನು ಕೇಳಿದ: "ವಿಕರ್ಣನೂ ದುರ್ಯೋಧನನ ಪರವಾಗಿಯೇ ಸತ್ತನಲ್ಲ ಸರ್?"

ಹೌದು, ಭೀಮನ ಕೈಯಲ್ಲಿ. ಒಮ್ಮೆ ಬಾಯಿಬಿಟ್ಟು ಅದೇ ಪಾಳಯದಲ್ಲಿ ಉಳಿದ. ಅದಕ್ಕೇ ರೂಮು ಬದಲಿಸಲು ಹೇಳಿದೆ. ಮುಂದಿನ ವಾರ ಅರ್ಜಿ ಕೊಟ್ಟ.