‘ನಿದ್ರೆಗೆ ಜಾರುತ್ತದೆ’ ಎಂಬ ಸಾಲಿನ ಬಗ್ಗೆ

ನಮಸ್ಕಾರ.

ಬಸುರಿಯ ರೋಗನಿರೋಧಕ ಶಕ್ತಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ವಿಷಯ ಒಳ್ಳೆಯದು. ಆದರೆ ಒಂದು ಸಾಲು ನನ್ನನ್ನು ಬಿಡಲೇ ಇಲ್ಲ: ‘ಮಗುವಿಗಾಗಿ ತಾಯಿಯ ರೋಗನಿರೋಧಕ ಶಕ್ತಿ ಒಂಬತ್ತು ತಿಂಗಳು ನಿದ್ರೆಗೆ ಜಾರುತ್ತದೆ.’

ಅದು ಮಲಗಿಯೇ ಇದ್ದರೆ ಅದನ್ನೇ ಕೆಲಸಕ್ಕೆ ಹಚ್ಚುವ ಧನುರ್ವಾಯು ಇಂಜೆಕ್ಷನ್ ಬಸುರಿಗೆ ಕೊಟ್ಟು ಏನು ಪ್ರಯೋಜನ, ಹೇಳಿ? ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಇರುವ ತಾಯಿಯನ್ನು ನೋಡಿ. ಮಗು ಪಾಸಿಟಿವ್ ಆಗಿದ್ದು, ಹೆರಿಗೆಯಲ್ಲಿ ಅದರ ರಕ್ತ ತುಸು ಬೆರೆತರೂ ಸಾಕು, ತಾಯಿಯ ಮೈ ಅದರ ಗುರುತು ಹಿಡಿದಿಟ್ಟುಕೊಳ್ಳಬಹುದು. ಮುಂದಿನ ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯಬಹುದು. ಅದಕ್ಕೇ 28ನೇ ವಾರದ ಹೊತ್ತಿಗೆ ಒಮ್ಮೆ, ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಮ್ಮೆ, ಆ ಗುರುತು ಉಳಿಯದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಕೊಡುವುದು. ನಿಮ್ಮ ಸಾಲನ್ನು ನಂಬಿ ಯಾರಾದರೂ ಅದನ್ನು ತಪ್ಪಿಸಿಕೊಂಡರೆ?

ಮಗುವಿನ ಅರ್ಧ ಗುರುತು ತಂದೆಯದು. ಆದರೂ ತಾಯಿಯ ಮೈ ಅದನ್ನು ಯಾಕೆ ಹೊರದಬ್ಬುವುದಿಲ್ಲ ಎಂದು ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡಾವರ್ 1953ರಲ್ಲಿ ಕೇಳಿದರು. ತಾಯಿಯ ನಿರೋಧಕ ಶಕ್ತಿ ಮಂಕಾಗಿರಬಹುದು ಎಂಬುದು ಅವರ ಮೂರು ಊಹೆಗಳಲ್ಲಿ ಒಂದು. ಆ ಹಳೆಯ ಊಹೆಯನ್ನು ನೀವು ಸತ್ಯ ಅಂತ ಬರೆದಿದ್ದೀರಿ.

ಮುಂದಿನ ಸಾಲು: ‘ಗರ್ಭಕೋಶದಲ್ಲಿ ಕೊಲೆಗಾರ ಕಣಗಳನ್ನು ಕಟ್ಟಿಹಾಕಲಾಗುತ್ತದೆ.’ ಇದು ಪೂರ್ತಿ ಉಲ್ಟಾ. ಮೊದಲ ಮೂರು ತಿಂಗಳಲ್ಲಿ ಗರ್ಭಕೋಶದ ಒಳಪದರದ ಬಿಳಿ ರಕ್ತಕಣಗಳಲ್ಲಿ ಸುಮಾರು 70% ಈ ಎನ್‌ಕೆ ಕಣಗಳೇ. ಹೆಸರು ‘ನ್ಯಾಚುರಲ್ ಕಿಲ್ಲರ್’, ನಿಜ. ಆದರೆ ಅಲ್ಲಿ ಅವುಗಳ ಕೆಲಸ ಬೇರೆ. ಅಲ್ಲಿನ ರಕ್ತನಾಳಗಳು ಅಗಲವಾಗಿ ಮಾಸಿಗೆ (ಪ್ಲಾಸೆಂಟಾ) ಸಾಕಷ್ಟು ರಕ್ತ ಸಿಗಲು ಅವು ನೆರವಾಗುತ್ತವೆ. ಇಷ್ಟು ಚೆಂದದ ಸಂಗತಿ ಇರುವಾಗ ಕಟ್ಟಿಹಾಕುವ ಕಥೆ ಯಾಕೆ ಬೇಕು?

ನಾನು ಕೆಲಸ ಕಲಿಯುತ್ತಿದ್ದಾಗ ಮಾಸನ್ನು ‘ತಾಯಿ ಮಗುವಿನ ನಡುವಿನ ಗೋಡೆ’ ಎಂದು ಬರೆದಿದ್ದೆ. ನಮ್ಮ ಹಿರಿಯ ಸಂಪಾದಕರು ‘ಗೋಡೆ’ಗೆ ಪೆನ್ಸಿಲಿನಿಂದ ಸುತ್ತು ಹಾಕಿದರು. “ಗೋಡೆ ಆದ್ರೆ ಮಗುವಿಗೆ ಊಟ ಎಲ್ಲಿಂದ ಬರುತ್ತಪ್ಪಾ?” ಅಂದರು. ಮೂರು ದಿನ ಬೇರೆ ಹೋಲಿಕೆ ಹುಡುಕಿದೆ, ಯಾವುದೂ ಕೂಡಲಿಲ್ಲ. ಕೊನೆಗೆ ‘ತಾಯಿಯ ಪ್ರತಿಕಾಯಗಳು ಮಾಸನ್ನು ದಾಟಿ ಮಗುವನ್ನು ಸೇರುತ್ತವೆ, ಹುಟ್ಟಿದ ಮೇಲೂ ಕೆಲವು ತಿಂಗಳು ಕಾಯುತ್ತವೆ’ ಅಂತ ಸುಮ್ನೆ ಇದ್ದದ್ದನ್ನು ಬರೆದೆ. ಅವರು ಓದಿ, ಮಾತಾಡದೆ ಅಚ್ಚಿಗೆ ಕಳಿಸಿದರು.

ಆ ಎರಡು ಪ್ಯಾರಾ ಹೊಸದಾಗಿ ಬರೆದು ಕಳಿಸಿ. ಆಂಟಿ-ಡಿ ವಿಷಯ ಖಂಡಿತ ಸೇರಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗೆಂದೇ ಇಟ್ಟಿದ್ದೇನೆ.